ಕೇಬಲ್ಲಿನ ಮರಣೋತ್ತರ ಪರೀಕ್ಷೆ

ಆನ್‌ಲೈನ್ ಅಂಗಡಿಯಲ್ಲಿ ಗಿರಾಕಿಗಳು ಬರೆದುಹೋಗುವ ನಾಲ್ಕು ಸಾಲುಗಳನ್ನು ನಾವು ವಿಮರ್ಶೆಯ ಲೆಕ್ಕಕ್ಕೆ ಹಿಡಿಯುವುದಿಲ್ಲ. ‘ಚೆನ್ನಾಗಿದೆ, ಬೇಗ ತಲುಪಿತು’ ಎಂಬಲ್ಲಿಗೆ ಅವು ಮುಗಿಯುತ್ತವೆ. ಗೂಗಲ್‌ನ ಎಂಜಿನಿಯರ್ ಬೆನ್ಸನ್ ಲ್ಯೂಂಗ್ 2015ರ ಕೊನೆಯಲ್ಲಿ ಅಮೆಜಾನ್‌ನ ಯುಎಸ್‌ಬಿ-ಸಿ ಕೇಬಲ್‌ಗಳ ಬಗ್ಗೆ ಬರೆಯತೊಡಗಿದ್ದು ಇದೇ ಜಾಗದಲ್ಲಿ. ಬರೆದದ್ದು ಮಾತ್ರ ಅಪ್ಪಟ ವಿಮರ್ಶೆ.

ಅವರ ಕಣ್ಣು ಹೆಚ್ಚಾಗಿ ಒಂದು ಪುಟ್ಟ ರೆಸಿಸ್ಟರ್ ಮೇಲೆ. ಒಂದು ತುದಿ ಹಳೆಯ ಚಪ್ಪಟೆ ಪ್ಲಗ್, ಇನ್ನೊಂದು ತುದಿ ಹೊಸ ಸಿ-ಪ್ಲಗ್ ಇರುವ ಕೇಬಲ್ಲಿನೊಳಗೆ 56 ಕಿಲೋ ಓಮ್‌ನ ರೆಸಿಸ್ಟರ್ ಇರಬೇಕು. ಆಚೆ ತುದಿಯಲ್ಲಿರುವುದು ಹಳೆಯ ಪೋರ್ಟ್, ಮಿತಿ ಮೀರಿ ಕರೆಂಟ್ ಎಳೆಯಬೇಡ ಎಂದು ಅದು ಫೋನಿಗೆ ತಿಳಿಸುತ್ತದೆ. ಅಲ್ಲಿ 10 ಕಿಲೋ ಓಮ್ ಹಾಕಿದರೆ 3 ಆಂಪಿಯರ್ ಸಿಗುತ್ತದೆ ಎಂದು ಹೇಳಿದಂತೆ. ಫೋನು ನಂಬಿ ಎಳೆಯುತ್ತದೆ. ಆಚೆ ಇರುವುದು 500 ಮಿಲಿ ಆಂಪಿಯರ್‌ನ ಯುಎಸ್‌ಬಿ 2.0 ಪೋರ್ಟಾದರೆ ಏಟು ಬೀಳುವುದು ಕೊಡುವವನಿಗೆ. ಫೋನಿಗೆ ಏನೂ ಆಗದು. ಅದಕ್ಕೇ ಈ ದೋಷ ಬೇಗ ಸಿಕ್ಕಿಬೀಳುವುದಿಲ್ಲ.

2016ರ ಫೆಬ್ರುವರಿಯಲ್ಲಿ ಸಿಕ್ಕ ಕೇಬಲ್ ಇನ್ನೂ ಘೋರ. ಚುಚ್ಚಿದ ಕೂಡಲೇ ಲ್ಯೂಂಗ್ ಅವರ ಕ್ರೋಮ್‌ಬುಕ್ ಪಿಕ್ಸೆಲ್ ಲ್ಯಾಪ್‌ಟಾಪಿನ ಎರಡೂ ಸಿ-ಪೋರ್ಟುಗಳು ಸತ್ತವು. ಜೊತೆಗಿದ್ದ ಯುಎಸ್‌ಬಿ ವಿಶ್ಲೇಷಕ ಉಪಕರಣವೂ ಹೋಯಿತು. ಸಾಮಾನ್ಯವಾಗಿ ಇಲ್ಲಿಂದ ಮುಂದೆ ಎಲ್ಲರೂ ಸತ್ತ ಯಂತ್ರದ ಸುತ್ತ ನೆರೆಯುತ್ತಾರೆ. ಲ್ಯೂಂಗ್ ಯಂತ್ರವನ್ನು ನೋಡಿದ್ದಲ್ಲದೆ ಕೇಬಲ್ಲನ್ನೂ ಮಲ್ಟಿಮೀಟರ್ ಹಿಡಿದು ವಿಚಾರಿಸಿದರು. ಒಂದು ತುದಿಯ ಗ್ರೌಂಡ್ ಇನ್ನೊಂದು ತುದಿಯ 5 ವೋಲ್ಟ್‌ಗೆ, ಮೊದಲ ತುದಿಯ 5 ವೋಲ್ಟ್ ಎರಡನೆಯದರ ಗ್ರೌಂಡ್‌ಗೆ ಅದಲುಬದಲಾಗಿ ಬೆಸೆದುಕೊಂಡಿದ್ದವು. ರೆಸಿಸ್ಟರ್ ಕೂಡ 10 ಕಿಲೋ ಓಮ್‌ನದೇ. ವೇಗದ ಕೇಬಲ್ ಎಂದು ಮಾರಿದ್ದರೂ ವೇಗಕ್ಕೆ ಬೇಕಾದ ತಂತಿಗಳೇ ಇರಲಿಲ್ಲ. ಸಿಕ್ಕಿದ್ದು ಒಂದು ಸ್ಟಾರ್.

ಈ ಬರಹದ ಬಲ ಇರುವುದು ಆ ಸ್ಟಾರಿನಲ್ಲಿ ಅಲ್ಲವೇ ಅಲ್ಲ, ಯಾರು ಬೇಕಾದರೂ ಮತ್ತೆ ಅಳೆದು ನೋಡಬಹುದಾದ ಆರೋಪದಲ್ಲಿ. ಆದರೂ ಎರಡು ತಕರಾರುಗಳಿವೆ. ಸತ್ತ ಮೇಲೆ ಅಳೆದದ್ದನ್ನು ಚುಚ್ಚುವ ಮೊದಲೇ ಅಳೆಯಬಹುದಿತ್ತು. ಗುರುತು ಪರಿಚಯವಿಲ್ಲದ ಕೇಬಲ್ಲಿಗೆ ಮೊದಲ ತುತ್ತಾಗಿ ಒಳ್ಳೆಯ ಲ್ಯಾಪ್‌ಟಾಪನ್ನೇ ಕೊಡುವುದು ಪರೀಕ್ಷೆಯ ಕ್ರಮವಲ್ಲ. ಎರಡನೆಯದು ನನಗೆ ಹೆಚ್ಚು ಮುಖ್ಯ: 999 ಡಾಲರಿನಿಂದ ಬೆಲೆ ಶುರುವಾಗುತ್ತಿದ್ದ ಯಂತ್ರ ತಲೆಕೆಳಗಾದ ಒಂದು ತಂತಿಗೆ ಸಾಯಬೇಕೇ? ಕೇಬಲ್ ವಿಮರ್ಶೆಯ ಚೌಕಟ್ಟಿನಲ್ಲಿ ಈ ಪ್ರಶ್ನೆಗೆ ಜಾಗವಿಲ್ಲ. ಕೇಳಬೇಕಾದವರು ಆ ಲ್ಯಾಪ್‌ಟಾಪ್ ತಂದ ಕಂಪನಿಯವರೇ ಆಗಿದ್ದರು ಎಂಬುದನ್ನೂ ಮರೆಯುವಂತಿಲ್ಲ.

ನಮ್ಮ ರಿಪೇರಿ ಮೇಜುಗಳ ಪದ್ಧತಿಯ ಪಕ್ಕದಲ್ಲಿಟ್ಟರೆ ಇವೆಲ್ಲ ಸಣ್ಣ ಕೊರತೆಗಳು. ‘ಯುಎಸ್‌ಬಿ ಚುಚ್ಚಿದೆ, ಆಫ್ ಆಯ್ತು, ಮತ್ತೆ ಆನ್ ಆಗ್ತಿಲ್ಲ’ ಎಂದರೆ ‘ಬೋರ್ಡ್ ಹೋಗಿದೆ ಸಾರ್’ ಎಂಬ ತೀರ್ಪು ತಯಾರಿರುತ್ತದೆ. ಏನು ಚುಚ್ಚಿದಿರಿ, ಅದನ್ನೂ ತಂದಿದ್ದೀರಾ ಎಂದು ಕೇಳುವವರು ಅಪರೂಪ. ಡೆಸ್ಕ್‌ಟಾಪಿನ ಎಸ್‌ಎಂಪಿಎಸ್ ಶಾರ್ಟ್ ಕಂಡೊಡನೆ ತನ್ನನ್ನು ತಾನೇ ಮುಚ್ಚಿಕೊಂಡಿರಬಹುದು. ಗೋಡೆಯ ಪ್ಲಗ್ ಕಿತ್ತು, ಪವರ್ ಬಟನ್ ಒತ್ತಿ ಉಳಿದ ಚಾರ್ಜ್ ಹರಿಸಿ, ಕೆಲವು ನಿಮಿಷ ಬಿಟ್ಟರೆ ಎದ್ದು ಕೂರುವುದುಂಟು. ಮುಂಭಾಗದ ಪೋರ್ಟಿನೊಳಗೆ ಪಿನ್ ಬಾಗಿ ತಗಡಿಗೆ ತಾಗಿದ್ದರೆ, ಆ ಪೋರ್ಟಿನ ಕೇಬಲ್ಲನ್ನು ಬೋರ್ಡಿನಿಂದ ಬಿಡಿಸಿ ನೋಡಿದರೆ ಗೊತ್ತಾಗುತ್ತದೆ. ಹಲವು ಬೋರ್ಡುಗಳಲ್ಲಿ ಯುಎಸ್‌ಬಿಗೆಂದು ಇರುವ ಫ್ಯೂಸು ಬಿಸಿಯಾಗಿ ಕಡಿತಗೊಂಡು, ತಣಿದ ಮೇಲೆ ತಾನೇ ಸರಿಹೋಗುವಂಥದು. ಇಷ್ಟನ್ನೂ ದಾಟಿ ಬಂದ ಮೇಲೆ ಬೋರ್ಡನ್ನು ದೂಷಿಸಿದರೆ ಒಪ್ಪಬಹುದು.

2016ರ ಮಾರ್ಚಿನಲ್ಲಿ ಅಮೆಜಾನ್ ನಿಯಮಕ್ಕೆ ಹೊಂದದ ಯುಎಸ್‌ಬಿ-ಸಿ ಕೇಬಲ್‌ಗಳ ಮಾರಾಟವನ್ನು ನಿಷೇಧಿಸಿತು. ಗಿರಾಕಿ ವಿಮರ್ಶೆಯಿಂದ ಶುರುವಾದ ತಕರಾರಿಗೆ ಇದು ದೊಡ್ಡ ಫಲವೇ. ಆದರೆ ಸ್ವಂತ ಅಡಾಪ್ಟರ್ ಇರುವ ಯುಎಸ್‌ಬಿ ಹಬ್‌ಗಳ ಕಡೆಗೆ ಇಂಥ ಕಣ್ಣು ಬಿದ್ದಂತಿಲ್ಲ. ಅಗ್ಗದ ಹಬ್‌ಗಳಲ್ಲಿ ಅಡಾಪ್ಟರಿನ 5 ವೋಲ್ಟ್ ಹಿಂದಕ್ಕೆ ಹರಿದು ಕಂಪ್ಯೂಟರಿನೊಳಗೇ ನುಗ್ಗುವುದುಂಟು. ಅವುಗಳ ದುಂಡು ಪಿನ್ನಿನ ತೂತಿಗೆ ಪಕ್ಕದಲ್ಲಿ ಬಿದ್ದಿರುವ ವೈಫೈ ರೂಟರಿನ 12 ವೋಲ್ಟ್ ಅಡಾಪ್ಟರ್ ಕೂಡ ಎಷ್ಟೋ ಸಲ ಸಲೀಸಾಗಿ ಕೂರುತ್ತದೆ. ತಡೆಯಲು ಇರುವುದು ಅಡಾಪ್ಟರಿನ ಬೆನ್ನ ಮೇಲೆ ಕಪ್ಪು ಪ್ಲಾಸ್ಟಿಕ್ಕಿನಲ್ಲಿ ಕಪ್ಪಗೇ ಒತ್ತಿದ ಸಣ್ಣ ಅಕ್ಷರಗಳು.