ಕಲ್ಲಾಗು ಎಂದದ್ದು ಯಾರಿಗೆ?

2021ರ ಮೇ ತಿಂಗಳು. ಅಣ್ಣನನ್ನು ಆಸ್ಪತ್ರೆಗೆ ಸೇರಿಸಿ, ಹೊರಗೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ರಾತ್ರಿಗಳನ್ನು ಕಳೆಯುತ್ತಿದ್ದೆ. ಒಂದು ಬೆಳಗಿನ ಜಾವ ಮೊಬೈಲಿಗೆ ಚಿತ್ರವೊಂದು ಬಂತು. ಹಿಂದೆ ಹುಟ್ಟುವ ಸೂರ್ಯ, ಮುಂದೆ ದಪ್ಪ ಅಕ್ಷರದಲ್ಲಿ ಡಿವಿಜಿಯವರ ಕಗ್ಗದ ಒಂದೇ ಒಂದು ಸಾಲು. ವಿಧಿ ಕಷ್ಟಗಳ ಮಳೆ ಸುರಿಸಿದಾಗ ಕಲ್ಲಾಗಿರು ಎಂಬುದು ಅದರ ತಾತ್ಪರ್ಯ. ಕಳಿಸಿದವರು ನಮ್ಮ ಮೇಲೆ ಪ್ರೀತಿ ಇಟ್ಟುಕೊಂಡವರೇ. ಆದರೂ ಅದು ಮನಸ್ಸಿಗೆ ಚುಚ್ಚಿತು. ಒಳಗೆ ಅಣ್ಣ ಒಂದೊಂದು ಉಸಿರಿಗೂ ಒದ್ದಾಡುತ್ತಿದ್ದಾಗ ನಾನು ಕಲ್ಲಾಗುವುದು ಹೇಗೆ, ಯಾಕಾದರೂ ಆಗಬೇಕು? ಚುಚ್ಚಿದ್ದು ಕಗ್ಗವೋ, ಕಗ್ಗದಿಂದ ಆ ಸಾಲನ್ನು ಕತ್ತರಿಸಿ ತೆಗೆದ ಕತ್ತರಿಯೋ ಎಂಬ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

‘ಮಂಕುತಿಮ್ಮನ ಕಗ್ಗ’ 1943ರಲ್ಲಿ ಬಂದ ಪುಸ್ತಕ, 945 ಪದ್ಯಗಳು. ಅದಕ್ಕೆ ‘ಕನ್ನಡದ ಭಗವದ್ಗೀತೆ’ ಎಂಬ ಬಿರುದು ಎಂದೋ ಸಂದಿದೆ. ಈಗ ಅದು ತರಬೇತಿ ಶಿಬಿರಗಳಲ್ಲಿ, ಕ್ಯಾಲೆಂಡರುಗಳಲ್ಲಿ, ಪರೀಕ್ಷೆಗೆ ಕೂರುವ ಮಕ್ಕಳಿಗೆ ಮಾಡುವ ಭಾಷಣಗಳಲ್ಲಿ ಕುಗ್ಗಿದ ಮನಸ್ಸನ್ನು ಎತ್ತಿ ನಿಲ್ಲಿಸುವ ಔಷಧಿಯಾಗಿ ಬಳಕೆಯಾಗುತ್ತಿದೆ. ಹುರುಪು ತುಂಬುವ ಪುಸ್ತಕವೆಂದು ಕಗ್ಗಕ್ಕೆ ಸಿಕ್ಕಿರುವ ಕೀರ್ತಿ ಅದಕ್ಕೆ ಸಲ್ಲತಕ್ಕದ್ದಲ್ಲ ಎಂದೇ ನನ್ನ ತೀರ್ಮಾನ. ಸಲ್ಲಬೇಕಾದ ಕೀರ್ತಿ ಬೇರೆಯೇ ಇದೆ.

ಆ ಪದ್ಯವನ್ನೇ ಪೂರ್ತಿ ನೋಡೋಣ. ಅದರಲ್ಲಿ ಕಲ್ಲಿಗಿಂತ ಮೊದಲು ಬೆಟ್ಟದ ಬುಡದ ಹುಲ್ಲಿದೆ, ಮನೆಯ ಮಲ್ಲಿಗೆಯಿದೆ. ಕಲ್ಲಿನ ಬೆನ್ನಿಗೇ ದೀನರಿಗೆ, ದುರ್ಬಲರಿಗೆ ಒದಗುವ ಬೆಲ್ಲ ಸಕ್ಕರೆ ಇದೆ. ಕೊನೆಗೆ ಎಲ್ಲರ ನಡುವೆ ಒಬ್ಬನಾಗಿ ಕರಗುವ ಮಾತಿದೆ. ಹುಲ್ಲು, ಕಲ್ಲು, ಬೆಲ್ಲ, ಎಲ್ಲ: ನಾಲ್ಕು ಸಾಲಿನ ಎರಡನೆಯ ಅಕ್ಷರವೂ ಒಂದೇ ‘ಲ್ಲ’. ಈ ಪ್ರಾಸವನ್ನು ಬರೀ ಕಿವಿಯ ಅಲಂಕಾರವೆಂದು ನಾನು ಬಹಳ ವರ್ಷ ಓದಿದ್ದೆ. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಅಪ್ಪನ ಹಳೆಯ ಪ್ರತಿ ತೆಗೆದು ಗಟ್ಟಿಯಾಗಿ ಓದಿದಾಗ ಬೇರೆಯೇ ಕೇಳಿಸಿತು. ಗಡಸು ಪದಾರ್ಥ ಒಂದೇ ಒಂದು. ಅದರ ಮೇಲೂ ಕೆಳಗೂ ತುಳಿದರೆ ಬಾಗುವುದು, ಮುಡಿದರೆ ಬಾಡುವುದು, ನಾಲಿಗೆಯ ಮೇಲಿಟ್ಟರೆ ಕರಗುವುದು. ಪ್ರಾಸವೆಂಬ ಒಂದೇ ದಾರ ಆ ಕಲ್ಲನ್ನು ಮೆತ್ತನೆಯ ವಸ್ತುಗಳ ಜೊತೆ ಕಟ್ಟಿಹಾಕಿದೆ. ದಾರ ಹರಿದು ಕಲ್ಲನ್ನಷ್ಟೇ ಕೈಗೆತ್ತಿಕೊಂಡರೆ ಅದು ಎಸೆಯುವುದಕ್ಕೆ ಮಾತ್ರ ಬರುತ್ತದೆ.

ಇನ್ನೂ ಸೂಕ್ಷ್ಮವಾದ ಒಂದು ಸಂಗತಿ ಕಲ್ಲಿನ ಸಾಲನ್ನು ಮುಗಿಸುವ ‘ಸುರಿಯೆ’ ಎಂಬ ಕ್ರಿಯಾರೂಪದಲ್ಲಿದೆ. ಹಳಗನ್ನಡದ ಸತಿಸಪ್ತಮಿ ಅದು. ಸುರಿದಾಗ, ಸುರಿಯುತ್ತಿರುವಷ್ಟು ಹೊತ್ತು ಎಂದರ್ಥ. ಹುಲ್ಲಿಗೆ, ಮಲ್ಲಿಗೆಗೆ, ಬೆಲ್ಲಕ್ಕೆ ಇಂಥ ಗಡುವಿಲ್ಲ. ಅವುಗಳಿಗೆ ಜಾಗವಿದೆ, ಜನರಿದ್ದಾರೆ. ಹೊತ್ತಿನ ಕಟ್ಟಳೆ ಇಲ್ಲ. ಗಡುವಿರುವುದು ಕಲ್ಲಿಗೆ ಮಾತ್ರ. ಮಳೆ ನಿಂತಿತೋ, ಕಲ್ಲಾಗಿರುವ ಕಾರಣವೂ ತೀರಿತು. ಅಲ್ಲದೆ ಮಳೆಗೆ ಸಿಕ್ಕ ಕಲ್ಲು ಮಾಡುವುದಾದರೂ ಏನು? ಹೋರಾಡುವುದಿಲ್ಲ, ಮುನ್ನುಗ್ಗುವುದಿಲ್ಲ. ನೆನೆಯುತ್ತ ಇದ್ದಲ್ಲೇ ಇರುತ್ತದೆ, ಅಷ್ಟೆ. ಇದನ್ನು ಛಲದ ಪದ್ಯವೆಂದು ವೇದಿಕೆಯ ಮೇಲೆ ಮುಷ್ಟಿ ಬಿಗಿದು ಹೇಳುವವರು ಪದ್ಯದಲ್ಲಿ ಇಲ್ಲದ್ದನ್ನು ತಾವೇ ತುಂಬುತ್ತಿದ್ದಾರೆ.

ಈ ಎಲ್ಲಕ್ಕಿಂತ ದೊಡ್ಡ ಲೋಪ ಕೊನೆಯ ಪದದ್ದು. ನಮ್ಮಲ್ಲಿ ಅಂಕಿತದ ಪರಂಪರೆ ದೊಡ್ಡದು. ಬಸವಣ್ಣನವರ ವಚನ ಕೂಡಲಸಂಗಮದೇವನನ್ನು ಕರೆದು ಮುಗಿಯುತ್ತದೆ. ಅಲ್ಲಿ ಮಾತು ಮೇಲಕ್ಕೆ ಹೋಗುತ್ತದೆ. ತ್ರಿಪದಿ ಸರ್ವಜ್ಞ ಎಂದು ನಿಲ್ಲುತ್ತದೆ. ಎಲ್ಲ ಬಲ್ಲವನು ಲೋಕಕ್ಕೆ ಹೇಳಿದ ಮಾತು ಅದು. ಡಿವಿಜಿ ಇದಕ್ಕೆ ನೇರ ಎದುರಿನ ಹೆಸರನ್ನು ಹುಡುಕಿಕೊಂಡರು: ಮಂಕುತಿಮ್ಮ. ಬುದ್ಧಿಗೆ ಮಂಕು ಕವಿದ ತಿಮ್ಮ. ಅವನ ಮಾತಿಗೆ ಕೊಟ್ಟ ಹೆಸರೂ ಕಗ್ಗ. ಈ ‘ಆಗು’ಗಳೆಲ್ಲ ಆ ತಿಮ್ಮನಿಗೆ, ಅಂದರೆ ಬರೆದವನು ತನ್ನೊಳಗಿನ ದಡ್ಡನಿಗೆ, ಏಕವಚನದಲ್ಲಿ ಹೇಳಿಕೊಂಡವು. ಊರಿಗೆ ಬುದ್ಧಿ ಹೇಳಬೇಕಿದ್ದರೆ ಅವರಿಗೆ ಬೇರೆ ಜಾಗಗಳಿದ್ದವು. 1913ರಿಂದಲೇ ‘ಕರ್ಣಾಟಕ’ ಪತ್ರಿಕೆ ನಡೆಸಿದವರು, 1945ರಲ್ಲಿ ಗೋಖಲೆ ಸಾರ್ವಜನಿಕ ವಿಚಾರಸಂಸ್ಥೆ ಕಟ್ಟಿದವರು. ಅಧಿಕಾರವಾಣಿಯಿಂದ ಮಾತಾಡುವುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಕಗ್ಗದಲ್ಲಿ ಆ ದನಿಯನ್ನು ಬೇಕೆಂದೇ ಕೆಳಗಿಟ್ಟರು. ನನಗೆ ನಾನೇ ಕಲ್ಲಾಗು ಎಂದುಕೊಳ್ಳುವುದಕ್ಕೂ, ಇನ್ನೊಬ್ಬರು ನನಗೆ ಹಾಗೆನ್ನುವುದಕ್ಕೂ ಇರುವ ಅಂತರ ಆ ಕುರ್ಚಿಯ ಮೇಲೆ ಕೂತು ನನಗೆ ತಿಳಿಯಿತು.

ಇಲ್ಲಿ ನಮ್ಮ ವಿಮರ್ಶಕರ ಜೊತೆ ನನಗೆ ಜಗಳವಿದೆ. ನವ್ಯದ ಕಾವಿನಲ್ಲಿ ಬೆಳೆದ ಹಲವರು ಕಗ್ಗವನ್ನು ನೀತಿಪದ್ಯವೆಂದು ಬದಿಗೆ ಸರಿಸಿದರು. ಅದರಲ್ಲಿ ಅನುಭವದ ಬಿಕ್ಕಟ್ಟಿಲ್ಲ, ಮೊದಲೇ ಗೊತ್ತಿರುವ ಉತ್ತರಗಳಿವೆ ಎಂಬುದು ಅವರ ತಕರಾರು. ಇನ್ನೊಂದು ಕಡೆ ತಾತ್ಪರ್ಯಕಾರರು ಪದ ಬಿಡಿಸಿ, ಅನ್ವಯ ಮಾಡಿ, ‘ಆದ್ದರಿಂದ ನಾವು ಹೀಗಿರಬೇಕು’ ಎಂದು ಷರಾ ಬರೆಯುತ್ತಾರೆ. ಇಬ್ಬರೂ ಬದ್ಧ ವಿರೋಧಿಗಳಂತೆ ಕಾಣುತ್ತಾರೆ. ಆದರೆ ಓದುವ ಕ್ರಮ ಒಂದೇ: ‘ಮಂಕುತಿಮ್ಮ’ ಎಂಬುದನ್ನು ಮಾತ್ರೆ ತುಂಬಿಸುವ ಪದವೆಂದು ಬಿಟ್ಟುಬಿಡುತ್ತಾರೆ. ಬಿಟ್ಟ ಮೇಲೆ ಉಳಿಯುವುದು ಉಪದೇಶವೇ. ಒಬ್ಬರು ಅದಕ್ಕೆ ಕೈಮುಗಿದರು, ಇನ್ನೊಬ್ಬರು ಮೂಗು ಮುರಿದರು. ಪುಸ್ತಕದ ಮೊದಲ ಪುಟಗಳಲ್ಲೇ ಜೀವನಕ್ಕೆ ಅರ್ಥವಿದೆಯೇ, ಜಗತ್ತಿನ ಹಿಂದೆ ಯಾರಾದರೂ ಇದ್ದಾರೆಯೇ ಎಂದು ಪ್ರಶ್ನೆಯ ಮೇಲೆ ಪ್ರಶ್ನೆ ಬೀಳುತ್ತದೆ. ಬಿಕ್ಕಟ್ಟಿಲ್ಲ ಎಂದವರು ಆ ಪುಟಗಳನ್ನು ಹೇಗೆ ದಾಟಿದರೋ. ಇವರಿಬ್ಬರಿಗಿಂತ ಗಮಕಿಗಳೇ ಒಳ್ಳೆಯ ಓದುಗರು. ಹಾಡುವಾಗ ಅವರು ಕೊನೆಯ ಪದದ ಮೇಲೆ ನಿಲ್ಲುತ್ತಾರೆ, ಅದನ್ನು ಎಳೆಯುತ್ತಾರೆ, ದನಿ ಇಳಿಸಿ ಮತ್ತೊಮ್ಮೆ ಕರೆಯುತ್ತಾರೆ. ಕರೆಯುತ್ತಿರುವುದು ಸಭೆಯನ್ನಲ್ಲ ಎಂಬುದು ಆಗ ಕಿವಿಗೇ ತಿಳಿಯುತ್ತದೆ.

945ರಲ್ಲಿ ಎಲ್ಲವೂ ಇಷ್ಟು ಗಟ್ಟಿಯಿಲ್ಲ, ಒಪ್ಪುತ್ತೇನೆ. ಹೇಳಿದ್ದನ್ನೇ ತಿರುಗಿ ಹೇಳುವ, ಸಂಸ್ಕೃತ ಸಮಾಸದ ಭಾರಕ್ಕೆ ಬಳಲುವ ಪದ್ಯಗಳು ಸಾಕಷ್ಟಿವೆ.

ಆದರೆ ಜಟಕಾಬಂಡಿಯ ಪದ್ಯವೂ ಇದೇ ಪುಸ್ತಕದ್ದು. ಹಳೆ ಮೈಸೂರಿನ ಬೀದಿಗಳಲ್ಲಿ ಜಟಕಾ ಹೊಡೆಯುತ್ತಿದ್ದವರು ಹೆಚ್ಚಾಗಿ ಮುಸಲ್ಮಾನರು, ಅದಕ್ಕೇ ಅಲ್ಲಿ ವಿಧಿಯ ಹೆಸರು ಸಾಹೇಬ. ನೀನು ಕುದುರೆ. ಮದುವೆಮನೆಗೆ ಅಂದರೆ ಅಲ್ಲಿಗೆ, ಮಸಣಕ್ಕೆ ಅಂದರೆ ಅಲ್ಲಿಗೆ. ಗುರಿ ಮುಟ್ಟುತ್ತೀಯೆ ಎಂಬ ಭರವಸೆ ಒಂದು ಸಾಲಿನಲ್ಲೂ ಇಲ್ಲ. ಕೊನೆಗೆ ಮತ್ತೆ ಅದೇ ಸತಿಸಪ್ತಮಿ, ‘ಕುಸಿಯೆ’. ಕಾಲು ಕುಸಿದಾಗ ಏನಿದೆ ಎಂದರೆ, ನೆಲ ಇದೆ.

ಜೂನ್‌ನಲ್ಲಿ ಮನೆಗೆ ಬಂದ ಅಣ್ಣ, ಮಂಚದಿಂದ ಬಚ್ಚಲಿಗೆ ಗೋಡೆ ಹಿಡಿದು ನಡೆಯುತ್ತಿದ್ದ. ನಡುವೆ ಸುಸ್ತಾದರೆ ಅಲ್ಲೇ ನೆಲದ ಮೇಲೆ ಕೂತುಬಿಡುತ್ತಿದ್ದ. ಏಳು ಎಂದು ನಾವು ಯಾರೂ ಹೇಳುತ್ತಿರಲಿಲ್ಲ.