ಪ್ರಬಂಧದಲ್ಲಿ ಜನರ ಮಾತೆಲ್ಲಿ?

ದ್ವಿತೀಯ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್ 4ರಂದು ಎರಡು ದಾಖಲೆಗಳನ್ನು ಒಂದೇ ದಿನ ಘೋಷಿಸಿತು. ದೈವಾರಾಧನೆಯನ್ನು ಕುರಿತ ಸಂವಿಧಾನವು ಪೂಜಾವಿಧಿಯಲ್ಲಿ ಜನರ ನುಡಿಗೆ ಬಾಗಿಲು ತೆರೆಯಿತು. ‘ಇಂಟರ್ ಮಿರಿಫಿಕಾ’ ಎಂಬ ಆಜ್ಞಾಪತ್ರವು ‘ಸಾಮಾಜಿಕ ಸಂವಹನ’ ಎಂಬ ಪದವನ್ನು ಧರ್ಮಸಭೆಯಲ್ಲಿ ನೆಲೆಗೊಳಿಸಿತು. ಭಾಷೆಯ ಪ್ರಶ್ನೆಯೂ ಸಂವಹನದ ಪ್ರಶ್ನೆಯೂ ಹೀಗೆ ಅವಳಿಗಳಂತೆ ಜೊತೆಯಾಗಿ ಬಂದವು. ಆದರೆ ಭಾಷಾವಿಜ್ಞಾನ ಮತ್ತು ಸಾಮಾಜಿಕ ಸಂವಹನವನ್ನು ಒಟ್ಟಿಗೆ ವಿಷಯವಾಗಿ ಆರಿಸಿಕೊಂಡು ನಮ್ಮ ಗುರು ಅಭ್ಯರ್ಥಿಗಳೂ ಯುವ ಯಾಜಕರೂ ಸಿದ್ಧಪಡಿಸುವ ಸ್ನಾತಕೋತ್ತರ ಪ್ರಬಂಧಗಳಲ್ಲಿ ಅವೆರಡೂ ಅಗಲಿಹೋಗುತ್ತವೆ. ಸಂವಹನ ಉಳಿಯುತ್ತದೆ, ಭಾಷೆ ಕಾಣೆಯಾಗುತ್ತದೆ. ಈ ಕೊರತೆಯನ್ನು ಕುರಿತು ನಿಷ್ಠುರವಾಗಿ ಯೋಚಿಸುವುದು ಪ್ರಸ್ತುತ ಬರಹದ ಉದ್ದೇಶ.

ಇಂಥ ಪ್ರಬಂಧಗಳ ರಚನೆ ನಮಗೆಲ್ಲ ಪರಿಚಿತ. ಮೊದಲ ಅಧ್ಯಾಯದಲ್ಲಿ ಧರ್ಮಸಭೆಯ ದಾಖಲೆಗಳ ಸಾರಾಂಶ: 1971ರ ‘ಕೊಮ್ಯುನಿಯೊ ಎತ್ ಪ್ರೊಗ್ರೆಸ್ಸಿಯೊ’, 1992ರ ‘ಎತಾತಿಸ್ ನೊವೆ’. ಎರಡನೆಯದರಲ್ಲಿ ಸಂವಹನ ಸಿದ್ಧಾಂತಗಳ ಪರಿಚಯ. ಮೂರನೆಯದರಲ್ಲಿ ಪ್ರಶ್ನಾವಳಿ: ಎಷ್ಟು ಮನೆಗಳಲ್ಲಿ ಮೊಬೈಲ್ ಇದೆ, ಯಾರು ಯಾವ ವಾಹಿನಿ ನೋಡುತ್ತಾರೆ. ಕೊನೆಯಲ್ಲಿ ಶಿಫಾರಸುಗಳು: ಪ್ರತಿ ಧರ್ಮಕೇಂದ್ರಕ್ಕೂ ಒಂದು ಯೂಟ್ಯೂಬ್ ವಾಹಿನಿ, ಒಂದು ವಾಟ್ಸಾಪ್ ಗುಂಪು. ಇದರ ಹಿಂದಿನ ಶ್ರಮವನ್ನು ನಾವು ಅಲ್ಲಗಳೆಯುವುದಿಲ್ಲ. ದಾಖಲೆಗಳನ್ನು ಕ್ರಮವಾಗಿ ಓದುವ ಶಿಸ್ತು ಸಣ್ಣದಲ್ಲ. ಆದರೂ ನೂರು ಪುಟಗಳನ್ನು ಮುಗಿಸಿದ ಮೇಲೆ ಒಂದು ಅರಿವು ನಮ್ಮನ್ನು ಕಾಡುತ್ತದೆ: ಒಬ್ಬ ಭಕ್ತವಿಶ್ವಾಸಿಯಾದರೂ ಆಡಿದ ಒಂದೇ ಒಂದು ಪೂರ್ಣ ವಾಕ್ಯ ಇದರಲ್ಲಿಲ್ಲ. ನಮ್ಮದೇ ಲೈಸೆನ್ಷಿಯೇಟ್ ಪ್ರಬಂಧವೂ ಈ ದೋಷದಿಂದ ಮುಕ್ತವಾಗಿರಲಿಲ್ಲವೆಂದು ಒಪ್ಪಿಕೊಂಡೇ ಮುಂದುವರಿಯುತ್ತೇವೆ.

ದೋಷದ ಒಂದು ಮೂಲ ಸಿದ್ಧಾಂತದ ಆಯ್ಕೆಯಲ್ಲಿದೆ. ಕಳುಹಿಸುವವನು, ಸಂದೇಶ, ಮಾರ್ಗ, ಸ್ವೀಕರಿಸುವವನು, ನಡುವಿನ ಗದ್ದಲ ಎಂಬ ಜನಪ್ರಿಯ ನಕ್ಷೆ ಕ್ಲಾಡ್ ಶಾನನ್ 1948ರಲ್ಲಿ ಪ್ರಕಟಿಸಿದ ಗಣಿತೀಯ ಸಿದ್ಧಾಂತದಿಂದ ಬಂದದ್ದು. ಅವರು ದೂರವಾಣಿ ಸಂಸ್ಥೆಯೊಂದರ ಪ್ರಯೋಗಾಲಯದಲ್ಲಿದ್ದವರು. ಅರ್ಥದ ಪ್ರಶ್ನೆ ತಮ್ಮ ತಾಂತ್ರಿಕ ಸಮಸ್ಯೆಗೆ ಸಂಬಂಧಿಸಿದ್ದಲ್ಲವೆಂದು ಅವರೇ ಸ್ಪಷ್ಟಪಡಿಸಿದ್ದರು. ಅರ್ಥವನ್ನು ಹೊರಗಿಟ್ಟ ಆ ನಕ್ಷೆಯನ್ನು ನಾವು ಪ್ರಬೋಧನೆಗೆ ಹೊಂದಿಸುತ್ತೇವೆ: ಯಾಜಕ ಕಳುಹಿಸುವವನು, ಶುಭಸಂದೇಶ ಸಂದೇಶ, ಭಕ್ತರು ಸ್ವೀಕರಿಸುವವರು. ಜನರಿಗೆ ಅರ್ಥವಾಗದಿದ್ದರೆ ತಪ್ಪು ಧ್ವನಿವರ್ಧಕದ್ದು, ಇಲ್ಲವೇ ಹಿಂದಿನ ಸಾಲಿನಲ್ಲಿ ಅಳುವ ಮಗುವಿನದು. ಇಲ್ಲಿ ಕೇಳುಗ ಬರಿಯ ಪಾತ್ರೆಯಾಗುತ್ತಾನೆ.

ಶುಭಸಂದೇಶದ ನಕ್ಷೆ ಬೇರೆ. ಎಮ್ಮಾವುಸಿನ ದಾರಿಯಲ್ಲಿ ಪುನರುತ್ಥಾನ ಹೊಂದಿದ ಪ್ರಭುವಿನ ಮೊದಲ ಮಾತು ಉಪದೇಶವಲ್ಲ, ಪ್ರಶ್ನೆ. ಶಿಷ್ಯರು ತಮ್ಮ ನಿರಾಶೆಯನ್ನು ತಮ್ಮದೇ ಮಾತಿನಲ್ಲಿ ಹೇಳಿ ಮುಗಿಸುವವರೆಗೆ ಅವರು ಕೇಳಿಸಿಕೊಳ್ಳುತ್ತಾರೆ. ಪವಿತ್ರಗ್ರಂಥದ ವಿವರಣೆ ಬರುವುದು ಆಮೇಲೆ. ಆ ಇಬ್ಬರು ‘ಮಾತನಾಡಿಕೊಳ್ಳುತ್ತಿದ್ದರು’ ಎನ್ನಲು ಲೂಕ (24:14) ಬಳಸುವ ಗ್ರೀಕ್ ಕ್ರಿಯಾಪದ ‘ಹೊಮಿಲೆಯಿನ್’. ಪ್ರಬೋಧನೆಗೆ ನಾವು ಬಳಸುವ ‘ಹೊಮಿಲಿ’ ಎಂಬ ಪದ ಅದೇ ಮೂಲದ್ದು. ಅದರ ಬೇರಿನಲ್ಲಿರುವುದು ಸಂಭಾಷಣೆ.

ಭಾಷೆಗೆ ಕಿವಿಗೊಟ್ಟರೆ ಪ್ರಬಂಧಕ್ಕೆ ಏನು ದೊರೆಯುತ್ತದೆಂಬುದನ್ನು ಒಂದು ಪದದಿಂದ ತೋರಿಸಬಹುದು. ‘ಜೀವೋದ್ಧಾರ’ ನಮ್ಮ ಪ್ರಬೋಧನೆಗಳಲ್ಲಿ ಮತ್ತೆ ಮತ್ತೆ ಬರುವ ಪದ. ಉದ್ಧಾರವೆಂದರೆ ಮೇಲಕ್ಕೆತ್ತುವುದು, ದೇವರು ಮಾನವನನ್ನು ಪಾಪದಿಂದ ಮೇಲಕ್ಕೆತ್ತುತ್ತಾರೆಂಬ ಅರ್ಥಕ್ಕೆ ಅದು ಚೆನ್ನಾಗಿ ಒಪ್ಪುತ್ತದೆ. ಆದರೆ ಮನೆಯಲ್ಲಿ, ಓದದ ಮಗನಿಗೆ ತಾಯಿ ‘ನೀನು ಉದ್ಧಾರ ಆಗಲ್ಲ’ ಎನ್ನುತ್ತಾಳೆ. ಅಡ್ಡದಾರಿ ಹಿಡಿದವನನ್ನು ಕಂಡು ನೆರೆಯವರು ‘ಉದ್ಧಾರ ಆದ ಹಾಗೇ!’ ಎಂದು ಮೂಗು ಮುರಿಯುತ್ತಾರೆ. ಅಲ್ಲಿ ಉದ್ಧಾರವೆಂದರೆ ಉದ್ಯೋಗ, ಸ್ವಂತ ಮನೆ, ನಾಲ್ಕು ಜನರ ಮೆಚ್ಚುಗೆ. ವ್ಯಾಕರಣವೂ ಬೇರೆ: ಬೋಧನಾಪೀಠದಲ್ಲಿ ದೇವರು ಉದ್ಧಾರ ‘ಮಾಡುತ್ತಾರೆ’, ಮನೆಯಲ್ಲಿ ಮನುಷ್ಯ ತನ್ನ ಪ್ರಯತ್ನದಿಂದ ಉದ್ಧಾರ ‘ಆಗುತ್ತಾನೆ’. ದೈವಕೃಪೆ ಮತ್ತು ಮಾನವಪ್ರಯತ್ನವನ್ನು ಕುರಿತ ದೊಡ್ಡ ಚರ್ಚೆಯೊಂದು ‘ಮಾಡು’, ‘ಆಗು’ ಎಂಬ ಎರಡು ಪುಟ್ಟ ಕ್ರಿಯಾಪದಗಳ ನಡುವೆ ಅಡಗಿದೆ. ಭಾನುವಾರ ಈ ಪದ ಕೇಳಿದವರಿಗೆ ಯಾವ ಅರ್ಥ ಹೊಳೆಯಿತು? ಒಂದು ಪ್ರಬಂಧಕ್ಕೆ ಈ ಪ್ರಶ್ನೆಯೇ ಸಾಕು.

ಇನ್ನೊಂದು ನಿದರ್ಶನ. ಸಾವಿನ ಮನೆಯಲ್ಲಿ ನಮ್ಮ ಕ್ರೈಸ್ತ ತಾಯಂದಿರೂ ‘ಎಲ್ಲ ನನ್ನ ಹಣೆಬರಹ, ಫಾದರ್’ ಎನ್ನುತ್ತಾರೆ. ಪ್ರಬಂಧಕಾರ ಇದನ್ನು ‘ಅಕ್ರೈಸ್ತ ನಂಬಿಕೆಯ ಶೇಷ’ ಎಂದು ಗುರುತು ಹಾಕಿ ಧರ್ಮೋಪದೇಶದ ಕೊರತೆಯ ಪಟ್ಟಿಗೆ ಸೇರಿಸಿಬಿಡುವ ಅಪಾಯವಿದೆ. ಮಾತು ಕೇವಲ ಸಂಗತಿಯನ್ನು ತಿಳಿಸುವುದಿಲ್ಲ, ಕ್ರಿಯೆಯನ್ನೂ ನಡೆಸುತ್ತದೆ ಎಂದು ಜೆ. ಎಲ್. ಆಸ್ಟಿನ್ ತೋರಿಸಿದರು, ಅವರ ಉಪನ್ಯಾಸಗಳು 1962ರಲ್ಲಿ ಗ್ರಂಥವಾಗಿ ಬಂದವು. ಆ ತಾಯಿ ವಿಧಿಯ ಸಿದ್ಧಾಂತವನ್ನು ಮಂಡಿಸುತ್ತಿದ್ದಾಳೋ, ಕೀರ್ತನಕಾರನಂತೆ ದೇವರ ಮುಂದೆ ಗೋಳಾಡುತ್ತಿದ್ದಾಳೋ? ಯಾರಿಗೆ, ಯಾವ ಕ್ಷಣದಲ್ಲಿ ಹೇಳಿದಳು, ಮುಂದೇನು ಹೇಳಿದಳು ಎಂಬುದನ್ನು ಕೇಳದೆ ನಿರ್ಣಯಿಸಲಾಗದು. ಯಾಜಕ ಆಗ ತಿದ್ದಬೇಕೋ, ಸುಮ್ಮನೆ ಪಕ್ಕದಲ್ಲಿ ಕೂರಬೇಕೋ ಎಂಬ ಪಾಲನಾ ವಿವೇಕವೂ ಆ ಕೇಳುವಿಕೆಯ ಮೇಲೆಯೇ ನಿಂತಿದೆ.

ಆದ್ದರಿಂದ ಪ್ರಬಂಧ ಸಿದ್ಧಪಡಿಸುವವರಿಗೆ ನಾವು ಹೇಳುವುದಿಷ್ಟು. ವಿಷಯ ಚಿಕ್ಕದಾಗಿರಲಿ: ಒಂದು ಧರ್ಮಕೇಂದ್ರ, ಕೆಲವೇ ಪ್ರಬೋಧನೆಗಳು, ಅವುಗಳನ್ನು ಕೇಳಿದ ಕೆಲವರೊಡನೆ ಬಿಡುವಾಗಿ ನಡೆಸಿದ ಮಾತುಕತೆ. ಒಪ್ಪಿಗೆ ಪಡೆದು ಧ್ವನಿಮುದ್ರಿಸಿಕೊಳ್ಳಿರಿ, ಹೆಸರುಗಳನ್ನು ಮರೆಮಾಡಿರಿ, ಪಾಪನಿವೇದನೆಯ ಹತ್ತಿರಕ್ಕೂ ಸಂಶೋಧನೆಯನ್ನು ಒಯ್ಯಬೇಡಿರಿ. ಬರೆದುಕೊಳ್ಳುವಾಗ ‘ಹೋಗ್ತೀನಿ’ಯನ್ನು ‘ಹೋಗುತ್ತೇನೆ’ ಎಂದು ತಿದ್ದಬೇಡಿರಿ. ತಿದ್ದಿದ ಕ್ಷಣದಲ್ಲೇ ಸಾಕ್ಷ್ಯ ಅಳಿಯುತ್ತದೆ. ಪ್ರಬಂಧ ಇಂಗ್ಲಿಷಿನಲ್ಲಿರಬೇಕಾದರೂ ಜನರ ಮಾತು ಕನ್ನಡದಲ್ಲೇ ಇರಲಿ, ಅನುವಾದ ಅದರ ಕೆಳಗೆ ಬರಲಿ. ಮನೆಯಲ್ಲಿ ಕೊಂಕಣಿ, ತಮಿಳು ಅಥವಾ ತುಳು ಆಡಿ ದೇವಾಲಯದಲ್ಲಿ ಕನ್ನಡ ಕೇಳುವವರ ಅನುಭವ ಪ್ರತ್ಯೇಕ ಅಧ್ಯಯನಕ್ಕೇ ಅರ್ಹ.

ಈ ದಾರಿ ನಮ್ಮ ನಾಡಿಗೆ ಹೊಸದಲ್ಲ. 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಆರಂಭಿಸಿದ ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗರು ಸಂವಹನದ ಕೆಲಸ ಮಾಡಿದರು, ಅದೇ ಮಿಶನ್ನಿನ ಫರ್ಡಿನಾಂಡ್ ಕಿಟೆಲ್ಲರು 1894ರಲ್ಲಿ ಹೊರತಂದ ನಿಘಂಟಿನಲ್ಲಿ ಕಾವ್ಯದ ಪದಗಳ ಜೊತೆಗೆ ಜನರ ಗಾದೆಗಳಿಗೂ ಜಾಗವಿತ್ತರು. ಸಾರುವುದೂ ಕೇಳುವುದೂ ಅಲ್ಲಿ ಒಂದೇ ಸೇವೆಯ ಎರಡು ಕೈಗಳಾಗಿದ್ದವು.

ದೈವಶಾಸ್ತ್ರ ಹೊರಡುವುದು ದೈವಪ್ರಕಟನೆಯಿಂದ, ಜನರ ಆಡುಮಾತಿನಿಂದಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಜನರ ಮಾತು ಪ್ರಕಟನೆಯ ಆಕರವೆಂದು ನಾವು ಹೇಳುತ್ತಿಲ್ಲ. ಆದರೆ ಪ್ರಕಟನೆ ತಲುಪಬೇಕಾದದ್ದು ಮಾನವರ ಕಿವಿಗೆ; ವಿಶ್ವಾಸದ ಹುಟ್ಟನ್ನು ಪೌಲರು ಶ್ರವಣದೊಡನೆ ಕಟ್ಟಿದ್ದಾರೆ (ರೋಮ 10:17). 2013ರ ‘ಎವಾಂಜೆಲಿ ಗೌದಿಯುಮ್’ನಲ್ಲಿ ಪೋಪ್ ಫ್ರಾನ್ಸಿಸ್ ಅವರು ಪ್ರಬೋಧನೆಯಿಂದ ಜನರೂ ಯಾಜಕರೂ ಬಳಲುವ ಸ್ಥಿತಿಯನ್ನು ಮುಚ್ಚುಮರೆಯಿಲ್ಲದೆ ಹೇಳಿ (135), ಅಧ್ಯಯನಕಾಲದಲ್ಲಿ ಕಲಿತ ಪದಗಳನ್ನು ಕೇಳುಗರ ದಿನಬಳಕೆಯ ಪದಗಳೆಂದು ಭ್ರಮಿಸದಂತೆ ಎಚ್ಚರಿಸಿದರು (158). ಆ ಪದಗಳನ್ನು ಕಲಿಸುವ ಜಾಗ ನಮ್ಮ ಗುರುಮಠಗಳೇ. ಪ್ರಬಂಧಕ್ಕಾಗಿ ಒಂದು ವರ್ಷ ಜನರ ಮಾತಿಗೆ ಕಿವಿಗೊಟ್ಟ ಅಭ್ಯರ್ಥಿಗೆ ಪದವಿ ಸಿಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಮುಂದೆ ನಲವತ್ತು ವರ್ಷ ಅವನ ಪ್ರಬೋಧನೆಯನ್ನು ಕೇಳಬೇಕಾದವರಿಗೆ ತಮ್ಮ ಮಾತನ್ನು ಬಲ್ಲ ಒಬ್ಬ ಯಾಜಕ ಸಿಗುತ್ತಾನೆ.