ಮುಖವಾಡ ಕಳಚಿದ ಮೇಲೆ: ಕನ್ನಡ ಪತ್ತೇದಾರಿ ಕಾದಂಬರಿಯ ಪರಾಮರ್ಶೆ

ಕನ್ನಡದ ವಿಮರ್ಶೆಯು ಪತ್ತೇದಾರಿ ಕಾದಂಬರಿಯನ್ನು ಬಹುಕಾಲ ಸಾಹಿತ್ಯದ ಪಂಕ್ತಿಯಿಂದ ಹೊರಗೇ ಕೂರಿಸಿತು. ಅಕ್ಷರ ಕಲಿತೂ ಗ್ರಂಥಗಳ ಬಳಿ ಸುಳಿಯದಿದ್ದ ಅಸಂಖ್ಯ ಜನರಿಗೆ ಓದಿನ ರುಚಿ ಹತ್ತಿಸಿದ ಪ್ರಕಾರಕ್ಕೆ ಇದು ನ್ಯಾಯವಲ್ಲ. ನಾಲ್ಕನೆಯ ತರಗತಿಯವರೆಗೆ ಮಾತ್ರ ಓದಿದ್ದ ಎನ್. ನರಸಿಂಹಯ್ಯನವರು 1952ರಲ್ಲಿ ಪತ್ತೇದಾರ ಪುರುಷೋತ್ತಮನನ್ನು ಸೃಷ್ಟಿಸಿ, ಮುಂದೆ 500ಕ್ಕೂ ಮಿಕ್ಕ ಕಾದಂಬರಿಗಳನ್ನು ರಚಿಸಿದರು. ಕನ್ನಡ ಬಾವುಟವನ್ನು ರೂಪಿಸಿದ ಮ. ರಾಮಮೂರ್ತಿಯವರೂ ಈ ಪ್ರಕಾರದಲ್ಲಿ ಹೇರಳವಾಗಿ ಬರೆದರು. ಈ ಋಣವನ್ನು ಮನಸಾರೆ ಒಪ್ಪಿಕೊಂಡ ಬಳಿಕವೇ ಆ ಪ್ರಕಾರದ ಕೊರತೆಯನ್ನು ಕುರಿತು ಮಾತನಾಡುವ ಅಧಿಕಾರ ನಮಗೆ ಬರುತ್ತದೆ.

ಆ ಕೊರತೆಯಾದರೂ ಯಾವುದು? ಕಳ್ಳಹೆಸರಿನಲ್ಲಿ ಬಾಳುತ್ತಿರುವ ಒಬ್ಬ ಗಣ್ಯ, ಹಳೆಯದೊಂದು ಪಾತಕ, ಅದನ್ನು ಬಲ್ಲವನ ಕೊಲೆ, ಖಾಸಗಿ ಪತ್ತೇದಾರನ ಪ್ರವೇಶ, ಕೊನೆಗೆ ಎಲ್ಲರೆದುರು ಮುಖವಾಡದ ಪತನ: 1887ರಲ್ಲಿ ಲಂಡನ್ನಿನ ಷರ್ಲಾಕ್ ಹೋಮ್ಸ್ ಅವತರಿಸಿದಂದಿನಿಂದ ಜಗತ್ತಿನ ನಾನಾ ಭಾಷೆಗಳಲ್ಲಿ ಬೆಳೆದ ಈ ಕಥಾಸಂವಿಧಾನವು, ನೆರೆಮನೆಯವನ ಪೂರ್ವೋತ್ತರವನ್ನರಿಯದ ಮಹಾನಗರವನ್ನು ಆಧಾರವಾಗಿ ಇಟ್ಟುಕೊಂಡಿದೆ. ನಗರದಲ್ಲಿ ರಹಸ್ಯವನ್ನು ಕಾಯುವುದು ಅಪರಿಚಿತತೆ. ಆದುದರಿಂದ ನಿಜನಾಮವು ತಿಳಿದೊಡನೆ ಕಥೆಯೂ ಮುಗಿಯುತ್ತದೆ.

ನಮ್ಮ ಹಳ್ಳಿಗಳ ಸ್ಥಿತಿ ಬೇರೆ. ಹಿರಿಯೂರಿಗೂ ಚಿತ್ರದುರ್ಗಕ್ಕೂ ನಡುವೆ, ಪುಣೆ–ಬೆಂಗಳೂರು ಹೆದ್ದಾರಿಯ ಮೇಲಿರುವ ಐಮಂಗಲದಂತಹ ಊರಿನಲ್ಲಿ ಬಸ್ಸಿಳಿದು ಚಹಾದಂಗಡಿಯ ಬೆಂಚಿನಲ್ಲಿ ಕುಳಿತವನಿಗೆ, ಲೋಟ ಕೈಗೆ ಬರುವ ಮುನ್ನವೇ “ಯಾವೂರಾಯ್ತಣ್ಣ? ಯಾರ ಪೈಕಿ?” ಎಂಬ ಪ್ರಶ್ನೆ ಎದುರಾಗುತ್ತದೆ. ಎರಡು ಉತ್ತರಗಳಲ್ಲಿ ಅವನ ಕುಲ, ಬಂಧುಬಳಗ, ಹೊಲಮನೆಗಳೆಲ್ಲ ಬಯಲಿಗೆ ಬೀಳುತ್ತವೆ. ಇಂತಲ್ಲಿ ಗುಟ್ಟು ಉಳಿಯುವುದು ಯಾರಿಗೂ ತಿಳಿಯದುದರಿಂದಲ್ಲ. ಎಲ್ಲರಿಗೂ ತಿಳಿದಿದ್ದು, ಯಾರೂ ಬಾಯಿಬಿಡದಿರುವುದರಿಂದ. ಮಾನಕ್ಕಂಜಿ, ಧಣಿಗಂಜಿ, ಒಮ್ಮೊಮ್ಮೆ ಕರುಣೆಯಿಂದಲೂ ಊರು ಮೌನ ವಹಿಸುತ್ತದೆ. ಆ ಮೌನವನ್ನು ಭೇದಿಸಲು ಭೂತಗನ್ನಡಿ ಸಾಲದು. ಜನರ ವಿಶ್ವಾಸ ಬೇಕು. ನಮ್ಮ ಪತ್ತೇದಾರನು ಈ ವಿದ್ಯೆಯನ್ನು ಕಲಿಯಲೇ ಇಲ್ಲ.

ಆದರೂ ಇದರ ಮಾದರಿಯು ಇದೇ ಚಿತ್ರದುರ್ಗ ಜಿಲ್ಲೆಯಲ್ಲಿ ದೊರೆತಿತ್ತು. ತಳುಕಿನ ಮನೆತನದ ತ.ರಾ.ಸು. ಅವರ ‘ಹಂಸಗೀತೆ’ಯನ್ನು ಯಾರೂ ಪತ್ತೇದಾರಿ ಕಾದಂಬರಿಯೆಂದು ಕರೆಯರು. ಆದರೆ ದೊರೆಯ ಆಜ್ಞೆಗೆ ಹಾಡಲೊಲ್ಲದೆ ತನ್ನ ನಾಲಗೆಯನ್ನೇ ಕತ್ತರಿಸಿಕೊಂಡನೆನ್ನಲಾದ ಭೈರವಿ ವೆಂಕಟಸುಬ್ಬಯ್ಯನ ಬಾಳನ್ನು, ಐತಿಹ್ಯ ಹಾಗೂ ಸ್ಮೃತಿಗಳ ತುಣುಕುಗಳಿಂದ ಹುಡುಕಿ ಜೋಡಿಸುವ ಅದರ ಕ್ರಮವು ಅಪ್ಪಟ ಶೋಧದ ಕ್ರಮ. ಅಲ್ಲಿ ಶೋಧಕನು ಅರಸುವುದು ಅಪರಾಧಿಯನ್ನಲ್ಲ, ಒಂದು ಜೀವದ ಅರ್ಥವನ್ನು. ಟಿ.ಕೆ. ರಾಮರಾಯರು ರೋಚಕತೆಯ ಕಡೆಯಿಂದ ಇದೇ ದಾರಿಗೆ ಸಮೀಪಿಸಿದರು: 1972ರಲ್ಲಿ ಚಲನಚಿತ್ರವಾದ ಅವರ ‘ಬಂಗಾರದ ಮನುಷ್ಯ’ದಲ್ಲಿ ಕುಟುಂಬದ ಗುಟ್ಟನ್ನು ಕಾಯುವವನೇ ನಾಯಕ, ಆ ಮೌನಕ್ಕಾಗಿ ಕಳಂಕವನ್ನು ಹೊತ್ತು ಮನೆಯನ್ನೇ ತೊರೆಯುತ್ತಾನೆ. ಗೋಪ್ಯವು ಪಾತಕವೇ ಆಗಬೇಕಿಲ್ಲ, ತ್ಯಾಗವೂ ಆಗಬಹುದೆಂಬ ಈ ಅರಿವು ಪತ್ತೇದಾರಿ ಪರಂಪರೆಗೆ ದಕ್ಕಿದ್ದರೆ ಅದರ ಗತಿಯೇ ಬದಲಾಗುತ್ತಿತ್ತು.

ಇನ್ನೊಂದು ಲೋಪವನ್ನೂ ಹೇಳಬೇಕು. ಇಂದು ಪೊಲೀಸ್ ತರಬೇತಿ ಶಾಲೆಯಿರುವ ಐಮಂಗಲದಲ್ಲಿ ಹೊಸ ಪೇದೆಯು ಕಲಿಯುವ ನ್ಯಾಯಶಾಸ್ತ್ರಕ್ಕೂ ನಮ್ಮ ಕಾದಂಬರಿಗಳ ನ್ಯಾಯಕ್ಕೂ ಅಜಗಜಾಂತರ. ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ರುಜುವಾತುಪಡಿಸಲಾಗದೆಂದು 1872ರ ಸಾಕ್ಷ್ಯ ಅಧಿನಿಯಮದ 25ನೆಯ ಕಲಮು ವಿಧಿಸಿತು. 2023ರ ಹೊಸ ಅಧಿನಿಯಮವೂ ಅದನ್ನು ಉಳಿಸಿಕೊಂಡಿದೆ. ಖಾಸಗಿ ವ್ಯಕ್ತಿಯೆದುರಿನ ತಪ್ಪೊಪ್ಪಿಗೆಗೆ ಈ ನಿಷೇಧವಿಲ್ಲವಾದರೂ ನ್ಯಾಯಾಲಯಗಳು ಅದನ್ನು ದುರ್ಬಲ ಸಾಕ್ಷ್ಯವೆಂದೇ ಎಣಿಸಿ ಬೇರೆ ಪುಷ್ಟಿಯನ್ನು ಕೇಳುತ್ತವೆ. ಕೊನೆಯ ಅಧ್ಯಾಯದಲ್ಲಿ ಅಪರಾಧಿಯು ತಾನಾಗಿ ಎಲ್ಲವನ್ನೂ ಒಪ್ಪಿಕೊಳ್ಳುವ ಕಥನವು ಲೇಖಕನಿಗೆ ಸುಲಭ. ಸತ್ಯವನ್ನು ಸಾಬೀತುಗೊಳಿಸುವ ಕಷ್ಟದಿಂದ ಹುಟ್ಟುವ ನಿಜವಾದ ಕುತೂಹಲವು ಅಲ್ಲಿ ನಷ್ಟವಾಗುತ್ತದೆ.

2015ರ ‘ರಂಗಿತರಂಗ’ ಚಿತ್ರದಲ್ಲಿ ಗುಪ್ತನಾಮದ ಲೇಖಕನೊಬ್ಬನ ಅನ್ವೇಷಣೆಯು ಊರಿನ ಹಳೆಯ ಭೀತಿಗಳೊಡನೆ ಬೆಸೆದುಕೊಂಡಾಗ ಪ್ರೇಕ್ಷಕರು ತೋರಿದ ಆದರವು, ಇಂತಹ ಕಥೆಗೆ ನಮ್ಮ ಮಣ್ಣು ಬಂಜರಲ್ಲವೆಂದು ತೋರಿಸಿಕೊಟ್ಟಿದೆ. ಮುಂಬರುವ ಪತ್ತೇದಾರಿ ಕಾದಂಬರಿಕಾರನು ಹೆಸರು ಮರೆಸಿ ಬಾಳುವವನನ್ನು ಹಿಡಿದೊಪ್ಪಿಸುವುದರಲ್ಲೇ ತೃಪ್ತನಾಗದೆ, ಯಾವ ಹಸಿವು, ಯಾವ ಜಾತಿಯ ಅವಮಾನ, ಯಾವ ಸಾಲ ಅವನನ್ನು ತನ್ನೂರಿನಿಂದ ಓಡಿಸಿತೆಂದೂ, ಊರೇಕೆ ಅದನ್ನು ಮುಚ್ಚಿಟ್ಟಿತೆಂದೂ ವಿಚಾರಿಸಲಿ. ಆಗ ಆರೋಪಿಯ ಕಟಕಟೆಯಲ್ಲಿ ಒಬ್ಬನಲ್ಲ, ಸಮಾಜವೇ ನಿಲ್ಲಬೇಕಾಗುತ್ತದೆ. ನರಸಿಂಹಯ್ಯನವರು ಕಲೆಹಾಕಿಕೊಟ್ಟ ಆ ವಿಶಾಲ ಓದುಗವರ್ಗಕ್ಕೆ ನಮ್ಮ ಸಾಹಿತ್ಯವು ಸಲ್ಲಿಸಬೇಕಾದ ಬಾಕಿಯೂ ಅದೇ.